ಕೇಳಿದಾಗ ಹಾಡಲಾಗದ ಹಾಡು

ಅಸ್ಸಾಮಿನ ಕಾರ್ಬಿ ಜನರ ಜಾನಪದದ ಮೇಲೆ ಬಂದಿರುವ ಪ್ರಬಂಧಗಳನ್ನು ಒಂದಾದ ಮೇಲೊಂದು ಓದುತ್ತಾ ಹೋದರೆ ಒಂದು ಕಸಿವಿಸಿ ಶುರುವಾಗುತ್ತದೆ, ಅದು ಬೇಗ ಬಿಡುವುದಿಲ್ಲ. ಬರೆದವರು ಬೇರೆ, ವಿಶ್ವವಿದ್ಯಾಲಯ ಬೇರೆ, ವರ್ಷ ಬೇರೆ. ಅಧ್ಯಾಯಗಳು ಮಾತ್ರ ಹೆಚ್ಚುಕಮ್ಮಿ ಅವೇ. ಮೊದಲು ಬೆಟ್ಟ, ಹೊಳೆ, ಜನಸಂಖ್ಯೆ. ಆಮೇಲೆ ತೆರಾಂಗ್, ತೆರೊನ್, ಎಂಘಿ, ಇಂಗ್ಟಿ, ತಿಮುಂಗ್ ಎಂಬ ಐದು ಕುಲಗಳ ಪಟ್ಟಿ. ಆಮೇಲೆ ಹಬ್ಬ, ಉಡುಪು, ಕುಣಿತ, ವಾದ್ಯ. ಕೊನೆಗೆ ಆಧುನಿಕತೆಯ ಪ್ರಭಾವ ಎಂಬ ಒಂದು ಅಧ್ಯಾಯ, ಸಂರಕ್ಷಣೆಗೆ ಒಂದು ಕರೆ. ಮಾಹಿತಿಯಲ್ಲಿ ದೊಡ್ಡ ತಪ್ಪೇನೂ ಇರುವುದಿಲ್ಲ. ಆದರೂ ಪುಸ್ತಕ ಮುಚ್ಚಿದಾಗ ಒಬ್ಬ ಹಾಡುಗಾರ್ತಿಯ ದನಿಯಾಗಲಿ, ಒಬ್ಬ ಕೆತ್ತನೆಗಾರನ ಕೈಯಾಗಲಿ ಮನಸ್ಸಿನಲ್ಲಿ ಉಳಿದಿರುವುದಿಲ್ಲ. ಇಷ್ಟು ಕಷ್ಟಪಟ್ಟು ಊರೂರು ತಿರುಗಿದ ವಿದ್ಯಾರ್ಥಿಗಳ ಕೈಯಲ್ಲಿ ಯಾಕೆ ಹೀಗಾಗುತ್ತದೆ?

ಈ ಚೌಕಟ್ಟಿನ ಜಾಡು ಹಿಡಿದು ಹೋದರೆ 1908ಕ್ಕೆ ಬಂದು ನಿಲ್ಲುತ್ತೇವೆ. ಅಸ್ಸಾಮಿನಲ್ಲಿ ಅಧಿಕಾರಿಯಾಗಿದ್ದ ಎಡ್ವರ್ಡ್ ಸ್ಟ್ಯಾಕ್ ಕಾರ್ಬಿಗಳ ಬಗ್ಗೆ ಟಿಪ್ಪಣಿ ಮಾಡಿಟ್ಟು 1887ರಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷ ದಾಟಿದ ಮೇಲೆ ಚಾರ್ಲ್ಸ್ ಲಯಲ್ ಆ ಟಿಪ್ಪಣಿಗಳನ್ನು ತಿದ್ದಿ, ತುಂಬಿಸಿ ಪುಸ್ತಕ ಮಾಡಿದರು. ಆಗ ಹೊರಗಿನವರು ಕಾರ್ಬಿಗಳನ್ನು ‘ಮಿಕಿರ್’ ಎನ್ನುತ್ತಿದ್ದರು, ಪುಸ್ತಕದ ಹೆಸರೂ ಅದೇ. ಮೈಕಟ್ಟು ಮತ್ತು ಉಡುಪು, ಮನೆವಾರ್ತೆ, ಕಟ್ಟಳೆ, ಧರ್ಮ, ಕಥೆಗಳು, ಭಾಷೆ: ಅದರ ಅಧ್ಯಾಯಗಳ ಸಾಲು ಹೀಗೆ ಹೋಗುತ್ತದೆ. ಆಳುವವರಿಗೆ ಬೇಕಾದ ಕ್ರಮ ಅದು. ಹೊಸ ಜಿಲ್ಲೆಗೆ ಬಂದ ಅಧಿಕಾರಿ ಒಂದು ಸಂಜೆ ಕೂತು ಈ ಜನ ಯಾರು, ಏನು ಉಡುತ್ತಾರೆ, ಆಸ್ತಿ ಯಾರಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳಲು ಅನುಕೂಲ. ಆ ಪುಸ್ತಕದ ನಿಜವಾದ ಬೆಲೆ ಇರುವುದು ಬೇರೆ ಕಡೆ: ಅದರಲ್ಲಿರುವ ಮೂರು ಕಥೆಗಳಲ್ಲಿ. ಅನಾಥ ಹುಡುಗ ಮತ್ತು ಅವನ ಸೋದರಮಾವಂದಿರ ಕಥೆ, ಒಂದು ಕಪ್ಪೆಯಿಂದ ಶುರುವಾಗುವ ಸರಪಳಿ ಕಥೆ, ದೇವಕನ್ಯೆಯನ್ನು ವರಿಸುವ ಹರತ ಕುಂವರನ ಕಥೆ. ಮೂರನ್ನೂ ಕಾರ್ಬಿ ಭಾಷೆಯಲ್ಲೇ ಕೊಟ್ಟು ಪದಪದಕ್ಕೂ ಅರ್ಥ ಹಾಕಿದ್ದಾರೆ. ಈ ಕೆಲಸದ ಹಿಂದೆ ಇದ್ದವರು ಸರ್ದೊಕ ಪೆರಿನ್ ಕೇ ಎಂಬ ಕಾರ್ಬಿ ವ್ಯಕ್ತಿ. 1904ರಲ್ಲಿ ಇಂಗ್ಲಿಷ್–ಮಿಕಿರ್ ಪದಕೋಶ ಮಾಡಿದವರೂ ಅವರೇ. ಮುಖಪುಟದಲ್ಲಿ ಅವರ ಹೆಸರಿಲ್ಲ. ಕಾರ್ಬಿ ಜಾನಪದ ಅಧ್ಯಯನ ಹುಟ್ಟುವಾಗಲೇ ಹೊತ್ತುಕೊಂಡ ಸಾಲ ಅದು.

ಅಧಿಕಾರಿಗಳು ಹೋದರು, ಸ್ವಾತಂತ್ರ್ಯ ಬಂತು, 1951ರಲ್ಲಿ ಸಂವಿಧಾನದ ಆರನೇ ಅನುಸೂಚಿಯ ಕೆಳಗೆ ಸ್ವಾಯತ್ತ ಜಿಲ್ಲೆ ಆಯಿತು, 1976ರಲ್ಲಿ ಜಿಲ್ಲೆಯ ಹೆಸರು ಕಾರ್ಬಿ ಆಂಗ್ಲಾಂಗ್ ಆಯಿತು. ಅಧ್ಯಾಯಗಳ ಪಟ್ಟಿ ಮಾತ್ರ ಹಾಗೇ ಉಳಿಯಿತು. ಇದರಿಂದ ಆಗುವ ನಷ್ಟ ಎಂಥದ್ದು ಎಂದು ತಿಳಿಯಲು ಕಾರ್ಬಿಗಳ ಸಾವಿನ ವಿಧಿಯೊಂದನ್ನು ಹತ್ತಿರದಿಂದ ನೋಡಿದರೆ ಸಾಕು.

ಚೊಮಾಂಗ್‌ಕಾನ್

ಚೊಮಾಂಗ್‌ಕಾನ್ ಎನ್ನುವುದು ಸತ್ತವರ ಜೀವವನ್ನು ಹಿರಿಯರ ಊರಿಗೆ, ಎಂದರೆ ಚೊಮಾರೊಂಗಿಗೆ, ಕಳಿಸಿಕೊಡುವ ವಿಧಿ. ಶವಸಂಸ್ಕಾರ ಸಾವಾದ ಕೂಡಲೇ ಮುಗಿದಿರುತ್ತದೆ. ಈ ದೊಡ್ಡ ಕಾರ್ಯ ಆಗಲೇ ಆಗಬೇಕೆಂದಿಲ್ಲ. ಹಂದಿ, ಅಕ್ಕಿ, ಹೊರ್ ಎಂಬ ಅಕ್ಕಿ ಮದ್ಯ, ನೆಂಟರಿಷ್ಟರ ಊಟ ಎಲ್ಲ ಸೇರಿ ಖರ್ಚು ಬಹಳ. ಹಾಗಾಗಿ ಮನೆಯವರು ಶಕ್ತಿ ಕೂಡಿಸಿಕೊಳ್ಳುವವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುತ್ತಾರೆ. ನಡೆದರೆ ಮೂರು ನಾಲ್ಕು ದಿನ ಹಗಲೂ ರಾತ್ರಿ ನಡೆಯುತ್ತದೆ.

ಅಂಗಳದಲ್ಲಿ ದುಯ್ಹುದಿ ಡೋಲು ಬಾರಿಸುತ್ತಿರುತ್ತಾನೆ. ಅವನದ್ದು ಬರೀ ತಾಳ ಹಾಕುವ ಕೆಲಸ ಎಂದುಕೊಂಡರೆ ಅರ್ಧ ತಪ್ಪಿದಂತೆ: ವಿಧಿ ಯಾವ ಘಟ್ಟದಲ್ಲಿದೆ ಎನ್ನುವುದು ಮನೆಯಾಚೆ ಇರುವವರಿಗೆ ತಿಳಿಯುವುದು ಅವನ ಪೆಟ್ಟು ಬದಲಾದಾಗ. ಒಳಗೆ ಉಚೆಪಿ ಎಂಬ ಹಿರಿಯ ಹೆಂಗಸು ಸತ್ತವರಿಗೆಂದೇ ಅಡುಗೆ ಮಾಡುತ್ತಾಳೆ. ರಿಸೊಮಾರ್, ಎಂದರೆ ಊರೂರಿಂದ ಬಂದ ಯುವಕರ ತಂಡಗಳು, ಗುರಾಣಿ ಹಿಡಿದು ಚೊಂಗ್ ಕೆದಾಮ್ ಕುಣಿಯುತ್ತಾರೆ. ರಾತ್ರಿ ಹುಡುಗ ಹುಡುಗಿಯರು ಕೈಹಿಡಿದು ನಿಮ್ಸೊ ಕೆರುಂಗ್ ಕುಣಿಯುತ್ತಾರೆ. ಸಾವಿನ ಕಾರ್ಯದಲ್ಲಿ ಪ್ರಾಯದವರ ಹಾಡು ಕುಣಿತ ಏಕೆ ಎಂದು ಹೊರಗಿನವರಿಗೆ ಅನಿಸಬಹುದು. ಬೇರೆ ಬೇರೆ ಊರಿನ, ಬೇರೆ ಬೇರೆ ಕುಲದ ಹುಡುಗ ಹುಡುಗಿಯರು ಒಂದೇ ಅಂಗಳದಲ್ಲಿ ಸೇರುವ ಸಂದರ್ಭ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಒಂದೇ ಕುಲದೊಳಗೆ ಮದುವೆ ನಿಷಿದ್ಧವಾಗಿರುವ ಸಮಾಜಕ್ಕೆ ಅದು ಸಣ್ಣ ವಿಷಯವಲ್ಲ.

ಇವೆಲ್ಲದರ ನಡುವೆ ಚಾರ್ಹೆಪಿ ಕೂತಿರುತ್ತಾಳೆ. ಅವಳು ಹಾಡುವುದು ಕಚಾರ್ಹೆ ಅಲುನ್, ಅಗಲಿದವರಿಗೆ ಹೇಳುವ ಹಾಡು. ಅದರಲ್ಲಿ ಅಳು ಇದೆ, ಆದರೆ ಹಾಡಿನ ಮುಖ್ಯ ಕೆಲಸ ದಾರಿ ತೋರಿಸುವುದು. ಈಗ ಎದ್ದೇಳು, ಇದನ್ನು ಉಣ್ಣು, ಈ ಬಟ್ಟೆ ಉಡು, ಇಲ್ಲಿ ತಿರುಗು, ಅಲ್ಲಿ ನಿನ್ನ ಹಿರಿಯರು ಸಿಗುತ್ತಾರೆ, ಅವರು ಹೀಗೆ ಕೇಳುತ್ತಾರೆ, ನೀನು ಹೀಗೆ ಹೇಳು ಎಂದು ಅವಳು ಸತ್ತವರೊಂದಿಗೇ ಮಾತಾಡುತ್ತಾ ಹೋಗುತ್ತಾಳೆ. ಇದಕ್ಕೆ ಕಂಠಪಾಠ ಒಂದೇ ಸಾಲದು. ಸತ್ತವರ ಕುಲ, ಒಳಕುಲ, ತಾಯಿಮನೆ, ಮೊದಲೇ ತೀರಿಕೊಂಡ ನೆಂಟರ ಹೆಸರುಗಳು, ಎಲ್ಲವೂ ಗೊತ್ತಿರಬೇಕು. ಪ್ರತಿ ಸಲವೂ ಹಾಡು ಆ ಮನೆಗೆಂದೇ ಕಟ್ಟಿಕೊಳ್ಳುತ್ತದೆ. ಹೊರಗೆ ನಡೆಯುವ ಪ್ರತಿ ಕೆಲಸಕ್ಕೂ ಹಾಡಿನಲ್ಲಿ ಜಾಗ ಇದೆ. ಅಡುಗೆ ಬೆಂದಾಗ, ಬಟ್ಟೆ ಹಾಸಿದಾಗ, ಯುವಕರು ಬಂದಾಗ ಹಾಡು ಆ ಕಡೆ ಹೊರಳುತ್ತದೆ.

ಈಗ ಅಧ್ಯಾಯಗಳ ಪಟ್ಟಿಗೆ ವಾಪಸು ಬನ್ನಿ. ಚಾರ್ಹೆಪಿಯ ಹಾಡು ‘ಜನಪದ ಸಾಹಿತ್ಯ’ದ ಅಧ್ಯಾಯಕ್ಕೆ ಹೋಗುತ್ತದೆ, ನಿಮ್ಸೊ ಕೆರುಂಗ್ ‘ಪ್ರದರ್ಶನ ಕಲೆ’ಗೆ, ಅಲ್ಲಿ ಎತ್ತಿ ನಿಲ್ಲಿಸಿದ ಮರದ ಕೆತ್ತನೆ ‘ಜನಪದ ಕಲೆ’ಗೆ, ಹಾಸಿದ ಬಟ್ಟೆ ‘ಉಡುಪು’ಗಳಿಗೆ, ಕುಲದ ನಿಯಮ ‘ಸಾಮಾಜಿಕ ರಚನೆ’ಗೆ. ಒಂದೇ ಅಂಗಳದಲ್ಲಿ ಒಂದಕ್ಕೊಂದು ಉತ್ತರ ಕೊಡುತ್ತಿದ್ದ ಐದು ಸಂಗತಿಗಳು ಐದು ಕಡೆ ಚದುರಿ ಹೋಗುತ್ತವೆ. ಯಾವುದು ಯಾವುದಕ್ಕೆ ಉತ್ತರ ಎಂಬುದು ಯಾರಿಗೂ ಕಾಣುವುದಿಲ್ಲ. ಪ್ರಬಂಧಗಳು ಸಪ್ಪೆಯಾಗುವುದು ಹೀಗೆ.

ಕಾಯುವ ಕೆಲಸ

ಚದುರಿಸದೆ ಅಧ್ಯಯನ ಮಾಡುವುದಕ್ಕೆ ದೊಡ್ಡ ಅಡ್ಡಿ ಒಂದಿದೆ. ಕಚಾರ್ಹೆಯನ್ನು ಕಾರ್ಯವಿಲ್ಲದೆ ಹಾಡಬಾರದು. ಮನೆಯಲ್ಲಿ ಸುಮ್ಮನೆ ಹಾಡಿದರೆ ಸಾವನ್ನು ಕರೆದಂತೆ ಎಂಬ ಭಯ ಇಂದಿಗೂ ಇದೆ. ಕಲಿಯುವವರು ಕೂಡ ಜನವಸತಿಯಿಂದ ದೂರ ಹೋಗಿ ಕಲಿಯುವುದು ರೂಢಿ. ಆದ್ದರಿಂದ ಸಂಶೋಧಕ ಪ್ರಶ್ನಾವಳಿ ಹಿಡಿದು ಹೋಗಿ “ಅಜ್ಜಿ, ಸ್ವಲ್ಪ ಹಾಡಿ ತೋರಿಸಿ” ಎಂದು ಕೇಳುವುದೇ ತಪ್ಪು. ಹಾಗೆ ಕೇಳಿದಾಗ ಸಿಗುವುದು ಎರಡೇ: ಸೌಜನ್ಯದ ನಿರಾಕರಣೆ, ಇಲ್ಲವಾದರೆ ಹೊರಗಿನವರಿಗೆಂದು ಮೊಟಕುಗೊಳಿಸಿದ, ದಾರಿ ತೋರಿಸುವ ಭಾಗವನ್ನೇ ಬಿಟ್ಟ ಹತ್ತು ನಿಮಿಷದ ತುಣುಕು. ಎಷ್ಟೋ ಪ್ರಬಂಧಗಳ ಅನುಬಂಧದಲ್ಲಿ ‘ಶೋಕಗೀತೆ’ ಎಂದು ಅಚ್ಚಾಗಿರುವುದು ಇಂಥ ತುಣುಕು ಎಂದು ಓದಿದರೆ ಅಂದಾಜಾಗುತ್ತದೆ. ಅದರಲ್ಲಿ ನೆಂಟರ ಹೆಸರೇ ಇರುವುದಿಲ್ಲ.

ನಮ್ಮಲ್ಲಿ ಇದಕ್ಕೆ ಹೋಲಿಸಿ ನೋಡಬಹುದಾದ ಒಂದು ಕೆಲಸ ನಡೆದಿದೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ತಂಡ ತುಳುನಾಡಿನ ಗೋಪಾಲ ನಾಯ್ಕರಿಂದ ಸಿರಿಯ ಕಥೆಯನ್ನು ಪೂರ್ತಿಯಾಗಿ, 15 ಸಾವಿರಕ್ಕೂ ಹೆಚ್ಚು ಸಾಲು, ದಾಖಲಿಸಿತು. ಸಿರಿ ಜಾತ್ರೆಯ ಆವೇಶದ ಹೊತ್ತಿಗೆ ಕಾಯದೆ, ಹಾಡುಗಾರರು ಕೂತು ಹಾಡಿದ್ದರಿಂದ ಅದು ಸಾಧ್ಯವಾಯಿತು. ಪಾಡ್ದನಕ್ಕೆ, ಎಂದರೆ ತುಳುವಿನ ಇಂಥ ಕಥನ ಹಾಡಿಗೆ, ಗದ್ದೆಯಲ್ಲೂ ಜಾಗ ಇದೆ, ಜಾತ್ರೆಯಲ್ಲೂ ಜಾಗ ಇದೆ. ಕಚಾರ್ಹೆಗೆ ಇರುವುದು ಒಂದೇ ಜಾಗ. ಆ ವಿಧಾನವನ್ನು ಇಲ್ಲಿಗೆ ಎತ್ತಿ ತರಲಾಗುವುದಿಲ್ಲ.

ಹಾಗಿದ್ದ ಮೇಲೆ ಸಂಶೋಧಕರು ಏನು ಮಾಡಬೇಕು? ಕಾಯಬೇಕು, ಮತ್ತು ಕಾಯುವ ಹೊತ್ತನ್ನು ಕೆಲಸಕ್ಕೆ ಬರುವಂತೆ ಹೊಂದಿಸಿಕೊಳ್ಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್, ಸಾರಲೇಖ, ಮಂಜೂರಾತಿ ಎಂದು ಮೊದಲ ವರ್ಷ ಹೋಗುತ್ತದೆ. ಕೊನೆಯ ವರ್ಷ ಬರವಣಿಗೆ. ಮಳೆಗಾಲದಲ್ಲಿ ಬೆಟ್ಟದ ರಸ್ತೆ ನಂಬುವಂತಿಲ್ಲ. ಕೊಯ್ಲು ಮುಗಿದು ಮನೆಯಲ್ಲಿ ಅಕ್ಕಿ ಇರುವ ಒಣ ತಿಂಗಳುಗಳೇ ದೊಡ್ಡ ಕಾರ್ಯಗಳಿಗೆ ಅನುಕೂಲ. ಲೆಕ್ಕ ಹಾಕಿದರೆ ಕೈಗೆ ಉಳಿಯುವುದು ಎರಡು ಮೂರು ಚಳಿಗಾಲ. ಅಷ್ಟರಲ್ಲಿ ಒಂದು ಅಥವಾ ಎರಡು ಚೊಮಾಂಗ್‌ಕಾನ್‌ನಲ್ಲಿ ಮೊದಲಿಂದ ಕೊನೆಯವರೆಗೆ ಇರಲು ಸಿಕ್ಕಿದರೆ ಅದೃಷ್ಟ. ಕ್ರೈಸ್ತರಾದ ಮನೆಗಳಲ್ಲಿ ಇದು ನಡೆಯುವುದಿಲ್ಲ ಎಂಬುದನ್ನೂ ಊರು ಆರಿಸುವಾಗಲೇ ನೆನಪಿಡಬೇಕು. ಗೈಡ್‌ಗೆ ಮೊದಲ ದಿನವೇ ಹೇಳಬೇಕಾದ ಮಾತು ಇದು: ನನ್ನ ಪ್ರಬಂಧ ಒಂದೇ ಕಾರ್ಯದ ಮೇಲೆ ನಿಲ್ಲಬಹುದು, ಇಡೀ ಜನಾಂಗದ ಮೇಲೆ ಬೇಡ.

ಕಾಯುವಾಗ ಮಾಡಲು ಕೆಲಸ ಬೇಕಾದಷ್ಟಿದೆ. ಮೊದಲನೆಯದು ವಂಶಾವಳಿ. ಊರಿನ ಪ್ರತಿ ಮನೆಯ ಕುಲ, ಒಳಕುಲ, ಹೆಣ್ಣು ಎಲ್ಲಿಂದ ಬಂದಳು, ಎಲ್ಲಿಗೆ ಹೋದಳು ಎಂದು ಮೂರು ತಲೆಮಾರು ಬರೆದಿಟ್ಟುಕೊಳ್ಳುವುದು. ಹೆಸರಿನ ಕೊನೆಯಲ್ಲಿ ಕ್ರೊ ಎಂದೋ ಬೇ ಎಂದೋ ಬರೆದುಕೊಳ್ಳುವವರು ಇಬ್ಬರೂ ತೆರಾಂಗ್ ಕುಲದ ಒಳಗೇ ಬರುತ್ತಾರೆ, ಅವರಲ್ಲಿ ಪರಸ್ಪರ ಮದುವೆಯಿಲ್ಲ. ಇದು ಗೊತ್ತಿಲ್ಲದೆ ಹಾಡಿನ ನೂರು ಸಾಲು ಅರ್ಥವಾಗುವುದಿಲ್ಲ, ಚಾರ್ಹೆಪಿ ಯಾರನ್ನು ಅಣ್ಣ ಎನ್ನುತ್ತಿದ್ದಾಳೆ, ಯಾರನ್ನು ಸೋದರಮಾವ ಎನ್ನುತ್ತಿದ್ದಾಳೆ ಎಂದು ತಬ್ಬಿಬ್ಬಾಗುತ್ತದೆ. ಎರಡನೆಯದು, ನಿಷೇಧವಿಲ್ಲದ ಹಾಡು ಕಥೆಗಳನ್ನು ಅದೇ ಹಿರಿಯರಿಂದ ಕೇಳುವುದು. ಕಾರ್ಬಿಗಳ ಮೂಲ ಮತ್ತು ವಲಸೆ ಹೇಳುವ ಮೊಸೆರಾ ಇದೆ. ಸಾಬಿನ್ ಅಲುನ್ ಎಂಬ ಕಾರ್ಬಿ ರಾಮಾಯಣ ಇದೆ. ಅದರಲ್ಲಿ ರಾಜರ ಮನೆಯವರೂ ಬೆಟ್ಟದ ಕುಮರಿ ಬೇಸಾಯದವರಂತೆ ಬದುಕುತ್ತಾರೆ. ಇವುಗಳ ಭಾಷೆಗೆ ಕಿವಿ ಪಳಗಿದ್ದರೆ ಕಚಾರ್ಹೆಯ ದಿನ ಹಾಡಿನ ಅರ್ಧವಾದರೂ ಹಿಡಿತಕ್ಕೆ ಬರುತ್ತದೆ.

ಊರಿಗೆ ಹೋಗುವ ಕ್ರಮವೂ ಇದೆ. ಈಶಾನ್ಯದ ಕೆಲವು ರಾಜ್ಯಗಳಿಗೆ ಹೊರಗಿನವರು ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಅಸ್ಸಾಮಿಗೆ ಬೇಕಿಲ್ಲ, ಹಾಗಾಗಿ ಕಾಗದಪತ್ರದ ತೊಡಕು ಕಡಿಮೆ. ಅದರಿಂದ ಕೆಲವರು ಯಾರನ್ನೂ ಕೇಳದೆ ಕ್ಯಾಮೆರಾ ತೆಗೆಯುತ್ತಾರೆ. ಮೊದಲು ಕಾಣಬೇಕಾದವರು ಸಾರ್ಥೆ, ಊರಿನ ಮುಖ್ಯಸ್ಥ. ಅವರ ಒಪ್ಪಿಗೆ ಊರಿಗೆ ಬರುವುದಕ್ಕೆ ಮಾತ್ರ. ಕಾರ್ಯ ಮಾಡುವ ಮನೆಯವರ ಒಪ್ಪಿಗೆ ಬೇರೆ, ಚಾರ್ಹೆಪಿಯ ಒಪ್ಪಿಗೆ ಬೇರೆ. ಮೂರನ್ನೂ ಬೇರೆ ಬೇರೆಯಾಗಿ, ಕಾರ್ಯಕ್ಕೆ ಕೆಲವು ದಿನ ಮೊದಲೇ ಪಡೆಯಬೇಕು. ದುಃಖದ ಮನೆಯಲ್ಲಿ ಫಾರಂ ಚಾಚಿ ಸಹಿ ಕೇಳುವುದು ಅಸಹ್ಯ. ಬಾಯಿಮಾತಿನ ಒಪ್ಪಿಗೆಯನ್ನು ಅವರದ್ದೇ ಭಾಷೆಯಲ್ಲಿ ಧ್ವನಿಮುದ್ರಿಸಿಕೊಂಡರೆ ಸಾಕು, ಇದನ್ನು ಹೆಚ್ಚಿನ ನೈತಿಕ ಸಮಿತಿಗಳು ಒಪ್ಪುತ್ತವೆ.

ಧ್ವನಿ, ಡೋಲು, ಟೋನ್

ಧ್ವನಿಮುದ್ರಣದಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ರೆಕಾರ್ಡರ್‌ನ ಆಟೋ ಗೇನ್, ಎಂದರೆ ಶಬ್ದದ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ, ಆನ್ ಇರುತ್ತದೆ. ಡೋಲಿನ ಪೆಟ್ಟು ಬಿದ್ದಾಗಲೆಲ್ಲ ಯಂತ್ರ ಮಟ್ಟ ಇಳಿಸುತ್ತದೆ, ಆ ಅರೆಕ್ಷಣದಲ್ಲಿ ಚಾರ್ಹೆಪಿಯ ದನಿ ಮುಳುಗುತ್ತದೆ. ಅಲ್ಲಿಯೇ ಕುಳಿತು ಕೇಳುವಾಗ ಗೊತ್ತಾಗುವುದಿಲ್ಲ. ಬರೆದುಕೊಳ್ಳಲು ಕೂತಾಗ ಪ್ರತಿ ಸಾಲಿನಲ್ಲೂ ಒಂದು ಅಕ್ಷರ ಕಾಣೆ. ಆಟೋ ಗೇನ್ ಆರಿಸಿ, ಅತಿ ದೊಡ್ಡ ಶಬ್ದ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಕೈಯಿಂದಲೇ ಮಟ್ಟ ಹೊಂದಿಸಿ, ಮೈಕನ್ನು ಹಾಡುವವರಿಂದ ಒಂದು ಮೊಳದೊಳಗೆ, ಡೋಲಿಗೆ ಬೆನ್ನು ಮಾಡಿ ಇಡಬೇಕು. ಡೋಲಿಗೆ ಬೇರೆಯದೇ ರೆಕಾರ್ಡರ್ ಇದ್ದರೆ ಒಳ್ಳೆಯದು. ಎರಡನ್ನೂ ಶುರು ಮಾಡಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಜೋಡಿಸುವುದು ಸುಲಭ. ಆದರೆ ಅದನ್ನು ವಿಧಿ ಶುರುವಾಗುವ ಮೊದಲೇ, ಮನೆಯಿಂದ ಹೊರಗೆ ಮಾಡಿ ಮುಗಿಸಬೇಕು.

48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲ್ ಎಂದರೆ ಗಂಟೆಗೆ ಸುಮಾರು 1 ಜಿಬಿ. 40 ಗಂಟೆಯ ಮುದ್ರಣಕ್ಕೆ 64 ಜಿಬಿ ಕಾರ್ಡ್ ಧಾರಾಳ, ಆದರೂ ಒಂದೇ ಕಾರ್ಡಿನ ಮೇಲೆ ನಂಬಿಕೆ ಇಡಬಾರದು. ರಾತ್ರಿ ಇಬ್ಬನಿ ಬೀಳುತ್ತದೆ, ಬೆಂಕಿಯ ಹೊಗೆ ಇರುತ್ತದೆ, ಕರೆಂಟ್ ಇರುತ್ತದೆ ಎಂದು ಹೇಳಲಾಗದು. ಪವರ್‌ಬ್ಯಾಂಕ್ ಎರಡು ಬೇಕು. ಮಳೆಗಾಲ ಕಳೆದು ತೆಗೆದರೆ ಲೆನ್ಸಿನಲ್ಲಿ ಬೂಷ್ಟು ಬಂದಿರುವುದು ಆ ಹವೆಯಲ್ಲಿ ಮಾಮೂಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು.

ಕಷ್ಟ ಶುರುವಾಗುವುದು ಆಮೇಲೆ. ಒಂದು ಗಂಟೆಯ ಹಾಡನ್ನು ಧ್ವನಿಗೆ ಬರಹ ಜೋಡಿಸುವ ಈಲನ್ ತಂತ್ರಾಂಶದಲ್ಲಿ ಸಾಲುಸಾಲಾಗಿ ಕತ್ತರಿಸಿ, ಬರೆದು, ಪದಾರ್ಥ ಹಾಕಿ, ಅನುವಾದಿಸಲು 40 ಗಂಟೆ ಬೇಕು ಎಂಬುದು ಈ ಕೆಲಸದಲ್ಲಿರುವವರ ಸಾಮಾನ್ಯ ಅಂದಾಜು. 40 ಗಂಟೆಯ ಮುದ್ರಣ ಎಂದರೆ 1,600 ಗಂಟೆ. ದಿನಕ್ಕೆ 6 ಗಂಟೆ ಕೂತರೂ ಸುಮಾರು 267 ದಿನ, ಎಂದರೆ ರಜೆ ಕಳೆದು ಒಂದು ವರ್ಷ. ಒಂದು ಚೊಮಾಂಗ್‌ಕಾನ್ ಒಂದು ಪಿಎಚ್‌ಡಿಗೆ ಸಾಕು ಎನ್ನುವ ಮಾತಿಗೆ ಆಧಾರ ಈ ಲೆಕ್ಕ. ‘ಕಾರ್ಬಿ ಜಾನಪದ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆಗೆ ಒಪ್ಪಿಕೊಂಡವರು ಈ 1,600 ಗಂಟೆಯನ್ನು ಎಲ್ಲಿಂದಲೂ ತರಲಾರರು. ಅವರು ಹಬ್ಬಗಳ ಪಟ್ಟಿ ಮಾಡುವುದು ಸೋಮಾರಿತನದಿಂದಲ್ಲ, ಶೀರ್ಷಿಕೆಯೇ ಅವರನ್ನು ಅಲ್ಲಿಗೆ ತಳ್ಳಿರುತ್ತದೆ.

ಬರೆಯುವುದಕ್ಕೂ ತೊಡಕಿದೆ. ಕಾರ್ಬಿ ಟಿಬೆಟೋ–ಬರ್ಮನ್ ಗುಂಪಿನ ಭಾಷೆ. ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ಟೋನ್, ಎಂದರೆ ಉಚ್ಚಾರದ ಸ್ವರಮಟ್ಟ, ಇವೆ. ಒಂದೇ ಅಕ್ಷರ ಟೋನ್ ಬದಲಾದರೆ ಬೇರೆ ಪದ. ರೂಢಿಯಲ್ಲಿರುವ ರೋಮನ್ ಬರವಣಿಗೆಯಲ್ಲಿ ಟೋನ್ ಗುರುತು ಹಾಕುವುದಿಲ್ಲ. ಮಾತಿನಲ್ಲಿ ಸಂದರ್ಭದಿಂದ ತಿಳಿಯುತ್ತದೆ, ಹಾಡಿನಲ್ಲಿ ರಾಗ ಬಂದು ಟೋನನ್ನು ನುಂಗುತ್ತದೆ. ಜೊತೆಗೆ ಈ ಹಾಡುಗಳ ಕಟ್ಟೋಣ ಜೋಡಿ ಸಾಲಿನದ್ದು: ಮೊದಲ ಸಾಲಿನಲ್ಲಿ ದಿನಬಳಕೆಯ ಪದ, ಎರಡನೆಯದರಲ್ಲಿ ಅದೇ ಜಾಗದಲ್ಲಿ ಹಾಡಿನಲ್ಲಷ್ಟೇ ಬದುಕಿರುವ ಹಳೆಯ ಪದ. ಜಿಲ್ಲಾ ಕೇಂದ್ರ ಡಿಫುವಿನ ಕಾಲೇಜು ಹುಡುಗರಿಗೆ ಮೊದಲನೆಯದು ಗೊತ್ತು, ಎರಡನೆಯದು ಗೊತ್ತಿರುವುದಿಲ್ಲ. ಅವರು ಮುಜುಗರಕ್ಕೆ ಊಹಿಸಿ ಹೇಳುತ್ತಾರೆ, ಊಹೆ ಅಚ್ಚಾಗುತ್ತದೆ, ಮುಂದಿನವರು ಅದನ್ನೇ ಉಲ್ಲೇಖಿಸುತ್ತಾರೆ. ಪದ ಕೇಳಬೇಕಾದದ್ದು ಹಾಡಿದವರನ್ನೇ. ಆದರೆ ಸಾಲನ್ನು ಪೂರ್ತಿ ಹೇಳಿಸಬಾರದು, ಅದು ಕಾರ್ಯವಿಲ್ಲದೆ ಹಾಡಿಸಿದಂತೆ. ಒಂದೊಂದೇ ಪದ ಬಿಡಿಸಿ, ಬೇರೆ ಮಾತಿನೊಳಗೆ ಇಟ್ಟು ಕೇಳಬೇಕು. ಮುದ್ರಣವನ್ನು ಮನೆಯಲ್ಲಿ ಸ್ಪೀಕರ್ ಹಚ್ಚಿ ಕೇಳಿಸುವುದೂ ಬೇಡ. ಎಲ್ಲಿ ಕೂತು ಕೇಳಬಹುದು ಎಂದು ಅವರೇ ಹೇಳಲಿ, ಹೆಡ್‌ಫೋನ್ ಇರಲಿ.

ಈ ಭಾಷೆಗೆ ನಿಂತುಕೊಳ್ಳಲು ನೆಲ ಕೊಟ್ಟ ಪುಸ್ತಕಗಳಲ್ಲಿ ಒಂದು ನಮ್ಮ ಮೈಸೂರಿನಿಂದ ಹೊರಬಂದದ್ದು. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನ 1987ರಲ್ಲಿ ಜೆಯಪಾಲ್ ಅವರ ಕಾರ್ಬಿ ವ್ಯಾಕರಣವನ್ನು ಪ್ರಕಟಿಸಿತು. ಅದಕ್ಕೆ ಮೊದಲು 1978ರಲ್ಲಿ ಗ್ರ್ಯೂಸ್ನರ್ ಜರ್ಮನ್‌ನಲ್ಲಿ ಬರೆದದ್ದಿದೆ, 2014ರಲ್ಲಿ ಲಿಂಡಾ ಕೊನೆರ್ತ್ ಒರೆಗಾನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ವಿಸ್ತಾರವಾದ ವ್ಯಾಕರಣ ಇದೆ. ಜಾನಪದ ವಿದ್ಯಾರ್ಥಿಗಳು ಇವನ್ನು ಭಾಷಾವಿಜ್ಞಾನದವರಿಗೆಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ಕ್ರಿಯಾಪದಕ್ಕೆ ಹತ್ತುವ ಪ್ರತ್ಯಯಗಳು ಗೊತ್ತಿಲ್ಲದಿದ್ದರೆ ಚಾರ್ಹೆಪಿ ‘ಹೋಗು’ ಎನ್ನುತ್ತಿದ್ದಾಳೋ ‘ಹೋದೆಯಾ’ ಎನ್ನುತ್ತಿದ್ದಾಳೋ ತಿಳಿಯುವುದಿಲ್ಲ. ಲೈಬ್ರರಿಯಲ್ಲಿ ಹುಡುಕುವಾಗ ಕಾರ್ಬಿ, ಮಿಕಿರ್, ಕಾರ್ಬಿಗಳು ತಮ್ಮನ್ನು ಕರೆದುಕೊಳ್ಳುವ ಆರ್ಲೆಂಗ್, ಮೂರೂ ಹೆಸರು ಹಾಕಿ ನೋಡಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಕ್ಕಿ ಕೂತ ಕಂಬ

ಕಾರ್ಬಿ ಕಲೆ ಎಂದಾಗ ಎಲ್ಲರ ಕಣ್ಣಿಗೆ ಬರುವುದು ಜಂಬಿಲಿ ಅಥೊನ್. ಮರದಲ್ಲಿ ಕೆತ್ತಿದ, ನೇರ ನಿಲ್ಲುವ ನಡುಗಂಬ. ಅದರ ಸುತ್ತ ನಾಲ್ಕು ಕೊಂಬೆ. ಕೊಂಬೆಗಳ ಮೇಲೆ ಹಕ್ಕಿಗಳು. ನಡುಗಂಬದ ತುದಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ವೊಜಾರು, ಬಾಲದಲ್ಲಿ ಎರಡು ಉದ್ದ ಎಳೆ ಇರುವ ಕಾಜಾಣ ಜಾತಿಯ ಹಕ್ಕಿ. ಐದು ಕವಲು ಐದು ಕುಲಗಳ ಗುರುತು ಎಂಬುದು ಈಗ ಎಲ್ಲರೂ ಹೇಳುವ ವಿವರಣೆ. ಇವತ್ತು ಇದು ಸಂಘ ಸಂಸ್ಥೆಗಳ ಲಾಂಛನದಲ್ಲಿದೆ, ವೇದಿಕೆಯ ಹಿಂಬದಿಯಲ್ಲಿದೆ, ಅತಿಥಿಗಳಿಗೆ ಕೊಡುವ ಸ್ಮರಣಿಕೆಯಾಗಿದೆ. ಇದರ ಹುಟ್ಟುಜಾಗ ಚೊಮಾಂಗ್‌ಕಾನ್‌ನ ಅಂಗಳ.

ಇದರ ಬಗ್ಗೆ ಗೊಣಗುವವರ ಪೈಕಿ ನಾನಲ್ಲ. 1974ರಲ್ಲಿ ಶುರುವಾದ ಕಾರ್ಬಿ ಯುವಜನೋತ್ಸವ ಡಿಫುವಿನ ತರಲಾಂಗ್ಸೊದಲ್ಲಿ ನಡೆಯುತ್ತದೆ, 2024ರ ಜನವರಿಯಲ್ಲಿ ಅದರ ಐವತ್ತನೇ ವರ್ಷದ ಉತ್ಸವಕ್ಕೆ ರಾಷ್ಟ್ರಪತಿಗಳೇ ಬಂದಿದ್ದರು. ಬೇರೆ ಬೇರೆ ಮೂಲೆಯ ತಂಡಗಳು ಒಂದೆಡೆ ಸೇರಿ ತಮ್ಮ ಹಾಡು ಕುಣಿತ ತಮ್ಮದೆಂದು ಹೆಮ್ಮೆಯಿಂದ ತೋರಿಸಿಕೊಳ್ಳಲು ಆ ಮೈದಾನ ಕೊಟ್ಟ ಧೈರ್ಯ ದೊಡ್ಡದು. ಸುಗ್ಗಿಯ ಹಾಚಾ ಕೆಕಾನ್ ಕುಣಿತ ಗೊತ್ತಿಲ್ಲದೆ ಬೆಳೆಯಬಹುದಾಗಿದ್ದ ಪಟ್ಟಣದ ಮಕ್ಕಳು ಅದನ್ನು ಅಲ್ಲಿ ಕಲಿತಿದ್ದಾರೆ. ನನ್ನ ತಕರಾರು ಸಂಶೋಧಕರ ಬಗ್ಗೆ. ಉತ್ಸವದ ಕೆಲವು ದಿನಗಳಲ್ಲಿ ಎಲ್ಲವೂ ಒಂದೇ ಕಡೆ ಬೆಳಕಿನಲ್ಲಿ ಸಿಗುತ್ತದೆ ಎಂದು ಅಲ್ಲಿಯೇ ಕ್ಷೇತ್ರಕಾರ್ಯ ಮುಗಿಸುವುದು, ಆಮೇಲೆ ವೇದಿಕೆಯ ನಿಮ್ಸೊ ಕೆರುಂಗನ್ನು ಅಂಗಳದ್ದೆಂದು ವರ್ಣಿಸುವುದು ಸರಿಯಲ್ಲ. ವೇದಿಕೆಯಲ್ಲಿ ಸ್ಪರ್ಧೆಯ ಕಾಲಮಿತಿ ಇದೆ, ತೀರ್ಪುಗಾರರ ಕಡೆ ಮುಖ ಇರಬೇಕು, ಸಾಲು ನೇರ ಇರಬೇಕು, ಎಲ್ಲರ ಬಟ್ಟೆ ಒಂದೇ ಬಣ್ಣ. ಅಂಗಳದಲ್ಲಿ ವೃತ್ತ ಒಳಮುಖವಾಗಿರುತ್ತದೆ, ಜನ ಬಂದು ಸೇರುತ್ತಾರೆ, ಬಿಟ್ಟು ಹೋಗುತ್ತಾರೆ, ಬೆಳಗಿನ ಜಾವದವರೆಗೆ ನಿಲ್ಲುವುದಿಲ್ಲ. ಎರಡೂ ಕಾರ್ಬಿಯೇ, ಎರಡೂ ಅಧ್ಯಯನಕ್ಕೆ ಅರ್ಹ. ಯಾವುದನ್ನು ಎಲ್ಲಿ ನೋಡಿದ್ದು ಎಂದು ಪ್ರತಿ ಚಿತ್ರದ ಕೆಳಗೂ ಬರೆದಿರಬೇಕು.

ಕೆತ್ತನೆಯನ್ನು ದಾಖಲಿಸುವವರು ಮುಂದಿನಿಂದ ಒಂದು ಫೋಟೊ ತೆಗೆದು ಬಿಡುತ್ತಾರೆ. ಅದರಿಂದ ಮತ್ತೊಬ್ಬರು ಆ ಕಂಬವನ್ನು ಮಾಡಲಾರರು. ಎತ್ತರ, ಬುಡದ ಸುತ್ತಳತೆ, ಕೊಂಬೆಗಳು ಒಂದೇ ಮರದಿಂದ ಬಂದವೋ ತೂತಿಗೆ ಸೇರಿಸಿದವೋ, ಹಕ್ಕಿ ಬೇರೆ ತುಂಡೋ, ಯಾವ ಮರ, ಹಸಿಯಾಗಿದ್ದಾಗ ಕೆತ್ತಿದರೋ ಒಣಗಿಸಿ ಕೆತ್ತಿದರೋ, ಯಾವ ಕತ್ತಿ, ಬಣ್ಣ ಯಾವುದು, ವಿಧಿ ಮುಗಿದ ಮೇಲೆ ಆ ಕಂಬ ಏನಾಯಿತು: ಇಷ್ಟು ಬೇಕೇ ಬೇಕು. ಹಕ್ಕಿಗಳ ಹೆಸರನ್ನು ಕೆತ್ತಿದವರ ಬಾಯಿಂದ ಕೇಳಿ ಬರೆಯಬೇಕು, ಪುಸ್ತಕ ನೋಡಿ ಹೆಸರಿಡಬಾರದು. ಐದು ಕುಲದ ವಿವರಣೆಯನ್ನೂ ಯಾರು ಹೇಳಿದರು, ಯಾವ ಊರಿನಲ್ಲಿ ಎಂಬುದರ ಸಮೇತ ಕೊಡಬೇಕು. ಎಲ್ಲ ಕಡೆಯೂ ಅದೇ ವಿವರಣೆ ಸಿಕ್ಕರೆ ಅದೂ ಒಂದು ಸಂಗತಿ, ಬೇರೆ ಸಿಕ್ಕರೆ ಇನ್ನೂ ದೊಡ್ಡ ಸಂಗತಿ.

ಬಟ್ಟೆಯ ಮಾತು ಸ್ವಲ್ಪ. ಹೆಂಗಸರು ಸೊಂಟಕ್ಕೆ ಉಡುವ ಪಿನಿ, ಮೇಲೆ ಹೊದೆಯುವ ಪೆಕೊಕ್, ನಡುಪಟ್ಟಿ ವಾಂಕೊಕ್ ಮೂರೂ ಸೊಂಟಕ್ಕೆ ಕಟ್ಟಿ ನೇಯುವ ಮಗ್ಗದವು. ಹಾಸಿನ ಒಂದು ತುದಿ ಕಂಬಕ್ಕೆ, ಇನ್ನೊಂದು ನೇಯುವವಳ ಬೆನ್ನಪಟ್ಟಿಗೆ. ಅವಳು ಹಿಂದಕ್ಕೆ ಒರಗಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಬಟ್ಟೆಯ ಅಗಲ ಕೈ ಚಾಚುವಷ್ಟು ಮಾತ್ರ. ಹಾಗಾಗಿ ಒಂದು ಬಟ್ಟೆ ಸೊಂಟಮಗ್ಗದ್ದೋ ಲಾಳಿಮಗ್ಗದ್ದೋ ಎಂದು ಅಗಲ ಮತ್ತು ನಡುವಿನ ಹೊಲಿಗೆಯಿಂದ ಅಂದಾಜು ಮಾಡಬಹುದು. ಸೆಂಟಿಮೀಟರಿಗೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಭೂತಗನ್ನಡಿ ಹಿಡಿದು ಮೂರು ಕಡೆ ಎಣಿಸಿ ಸರಾಸರಿ ಬರೆಯಬೇಕು. ನೂಲು ಹತ್ತಿಯೋ ಎರಿ ರೇಷ್ಮೆಯೋ ಅಂಗಡಿಯ ಅಕ್ರಿಲಿಕ್ಕೋ ಎಂದು ನೇಯುವವರನ್ನು ಕೇಳಿ, ಸಂಶಯವಿದ್ದರೆ ಒಂದು ಎಳೆ ಸುಟ್ಟು ನೋಡಬೇಕು: ಅಕ್ರಿಲಿಕ್ ಕರಗಿ ಉಂಡೆಗಟ್ಟುತ್ತದೆ, ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ, ಹತ್ತಿ ಕಾಗದದ ಹಾಗೆ ಬೂದಿಯಾಗುತ್ತದೆ. ಲಯಲ್ ಪುಸ್ತಕದಲ್ಲಿ ಹೇಳಿರುವ, ಹೆಂಗಸರ ಹಣೆಯಿಂದ ಗಲ್ಲದವರೆಗೆ ಇಳಿಯುತ್ತಿದ್ದ ನೀಲಿ ಹಚ್ಚೆಯ ಗೆರೆ, ದುಕ್, ಈಗ ತುಂಬ ವಯಸ್ಸಾದವರ ಮುಖದಲ್ಲಿ ಕಂಡರೆ ಕಂಡೀತು. ಅದರ ಬಗ್ಗೆ ಕೇಳಿ ಬರೆದುಕೊಳ್ಳಲು ಉಳಿದಿರುವ ಕಾಲ ತೀರಾ ಕಡಿಮೆ.

ನೌಕರಿ ಮತ್ತು ನಕ್ಷೆ

ಇದನ್ನು ಜೀವನದ ವೃತ್ತಿ ಮಾಡಿಕೊಳ್ಳುವವರು ನಕ್ಷೆಯನ್ನು ಸರಿಯಾಗಿ ನೋಡಬೇಕು. ಡಿಫು ಲುಮ್ಡಿಂಗ್–ದಿಮಾಪುರ ರೈಲು ದಾರಿಯಲ್ಲಿದೆ, ಹೋಗುವುದು ಸುಲಭ. ಅದಕ್ಕೇ ಎಲ್ಲರ ಸಾಮಗ್ರಿಯೂ ಡಿಫುವಿನ ಸುತ್ತಮುತ್ತಲಿನದು. ಹಾಮ್ರೆನ್ ಕಡೆಯ ಭಾಗ ಭೂಮಿಯಲ್ಲೇ ಬೇರೆ ತುಂಡು, ನಡುವೆ ಬಯಲುನಾಡಿನ ಜಿಲ್ಲೆಗಳು. 2016ರಿಂದ ಅದು ಪಶ್ಚಿಮ ಕಾರ್ಬಿ ಆಂಗ್ಲಾಂಗ್ ಎಂಬ ಪ್ರತ್ಯೇಕ ಜಿಲ್ಲೆ. ಕಾರ್ಬಿಗಳ ಸಾಂಪ್ರದಾಯಿಕ ದೊರೆ ಲಿಂಡೊಕ್ ಇರುವ ರೊಂಗ್‌ಹಾಂಗ್ ರೊಂಗ್‌ಬೊಂಗ್ ಆ ಕಡೆ. ಚಿಂಥೊಂಗ್, ರೊಂಗ್‌ಹಾಂಗ್, ಆಮ್ರಿ ಎಂಬ ಹಳೆಯ ನಾಡುಗಳ ವಿಧಿಗಳಲ್ಲಿ ವ್ಯತ್ಯಾಸ ಇದೆ. ಗುವಾಹಾಟಿ ಪಕ್ಕದ ಬಯಲಿನ ಕಾರ್ಬಿಗಳ ಮಾತು ಬೆಟ್ಟದವರ ಮಾತಿಗಿಂತ ಸಾಕಷ್ಟು ಬೇರೆ. ಒಂದೂರಿನ ವಿಧಿಯನ್ನು ‘ಕಾರ್ಬಿಗಳು ಹೀಗೆ ಮಾಡುತ್ತಾರೆ’ ಎಂದು ಬರೆದಾಗ ಇನ್ನೊಂದು ಊರಿನ ಓದುಗ ಪುಸ್ತಕ ಕೆಳಗಿಡುತ್ತಾನೆ.

ಜಾನಪದಕ್ಕೆಂದೇ ಇರುವ ಹಳೆಯ ವಿಭಾಗ ಗುವಾಹಾಟಿ ವಿಶ್ವವಿದ್ಯಾಲಯದ್ದು, 1955ರಲ್ಲಿ ಶುರುವಾಯಿತು. ಡಿಫುವಿನಲ್ಲಿ ಅಸ್ಸಾಂ ವಿಶ್ವವಿದ್ಯಾಲಯದ ಕ್ಯಾಂಪಸ್ 2007ರಿಂದ ಇದೆ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಜನಪದ ಸಾಹಿತ್ಯ ಪ್ರತ್ಯೇಕ ವಿಷಯ, ಆದರೆ ಆ ಹೆಸರಿನ ವಿಭಾಗಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಅದಕ್ಕೆ ಮಾನವಶಾಸ್ತ್ರ ಅಥವಾ ಭಾಷಾವಿಜ್ಞಾನದಲ್ಲಿ ನೆಟ್ ಮಾಡಿಕೊಂಡು ಜಾನಪದದಲ್ಲಿ ಕೆಲಸ ಮಾಡುವುದು ಹೊಟ್ಟೆಪಾಡಿನ ದೃಷ್ಟಿಯಿಂದ ಜಾಣತನ. ಬಡ್ತಿಗೆ ಲೆಕ್ಕವಾಗುವುದು ಇಂಗ್ಲಿಷ್ ಜರ್ನಲ್‌ಗಳ ಲೇಖನ. ಊರಿಗೆ ಬೇಕಾದದ್ದು ಕಾರ್ಬಿಯಲ್ಲಿ ಅಚ್ಚಾದ ಪಠ್ಯ. 1966ರಿಂದ ಇರುವ ‘ಕಾರ್ಬಿ ಲಾಮ್ಮೆಟ್ ಅಮೇಯ್’ ಎಂಬ ಸಾಹಿತ್ಯ ಸಂಸ್ಥೆ, ವಿಶ್ವವಿದ್ಯಾಲಯದ ಹೊರಗಿದ್ದೇ ಸಂಪುಟಗಟ್ಟಲೆ ಸಂಗ್ರಹಿಸಿದ ಧರಮ್‌ಸಿಂಗ್ ತೆರೊನ್ ಅಂಥವರು ಈ ಎರಡನೆಯ ಹೊರೆಯನ್ನು ಹೊತ್ತಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಸಂಬಳ ಪಡೆಯುವವರು ಅವರ ಕೆಲಸವನ್ನು ಅಡಿಟಿಪ್ಪಣಿಯಲ್ಲಿ ಒಂದು ಸಾಲಿಗೆ ಇಳಿಸಬಾರದು.

ಸರ್ದೊಕ ಅವರ ಹೆಸರು ಮುಖಪುಟಕ್ಕೆ ಬರಲಿಲ್ಲ ಎಂದೆ. ಈಗ ಅದನ್ನು ಸರಿಪಡಿಸಲು ಯಾವ ನಿಯಮವೂ ಅಡ್ಡ ಇಲ್ಲ. ಹಾಡಿನ ಪಠ್ಯವನ್ನು ಪುಸ್ತಕವಾಗಿ ತರುವಾಗ ಚಾರ್ಹೆಪಿ ಒಪ್ಪಿದರೆ ಹಾಡಿದವರು ಎಂದು ಅವರ ಹೆಸರು ಮೊದಲು, ಸಂಗ್ರಹಿಸಿದವರ ಹೆಸರು ಆಮೇಲೆ. ಪದಾರ್ಥ ಹೇಳಿಕೊಟ್ಟವರಿಗೆ ದಿನಗೂಲಿ ಕೊಟ್ಟರೆ ಮುಗಿಯಿತು ಎಂದುಕೊಳ್ಳದೆ ಅವರ ಹೆಸರನ್ನೂ ಅನುವಾದಕರ ಸಾಲಿನಲ್ಲಿ ಹಾಕುವುದು. ಯೋಜನೆಗೆ ಅರ್ಜಿ ಬರೆಯುವಾಗಲೇ ಈ ಸಂಭಾವನೆಗೆ ಪ್ರತ್ಯೇಕ ಬಾಬ್ತು ಇಡಬೇಕು, ‘ಇತರೆ’ಯಲ್ಲಿ ಸೇರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಹೊಡೆದು ಹೋಗುತ್ತದೆ.

ಮುದ್ರಣದ ಪ್ರತಿ ಎಲ್ಲಿರಬೇಕು ಎಂಬುದು ಕೊನೆಯ ತೀರ್ಮಾನವೂ ಹೌದು, ಕಷ್ಟದ್ದೂ ಹೌದು. ಗುವಾಹಾಟಿಯಲ್ಲೋ ವಿದೇಶದ ಸಂಗ್ರಹಾಗಾರದಲ್ಲೋ ಇಟ್ಟರೆ ತೇವ, ಗೆದ್ದಲು, ಕೆಟ್ಟ ಹಾರ್ಡ್‌ಡಿಸ್ಕಿನ ಭಯವಿಲ್ಲ. ಆದರೆ ಹಾಮ್ರೆನ್ ಬೆಟ್ಟದ ಒಬ್ಬ ಹುಡುಗಿ ತನ್ನ ಅಜ್ಜಿಯ ಹಾಡು ಕಲಿಯಬೇಕೆಂದರೆ ಇಂಗ್ಲಿಷಿನಲ್ಲಿ ಅರ್ಜಿ ಹಾಕಬೇಕಾಗುತ್ತದೆ. ಊರಿನಲ್ಲೇ ಬಿಟ್ಟರೆ ಯಾರೋ ಮೊಬೈಲಿಗೆ ಹಾಕಿಕೊಂಡು ಕಾರ್ಯವಿಲ್ಲದ ಹೊತ್ತಿನಲ್ಲಿ ಹಚ್ಚಿಯಾರು ಎಂಬ ಅಂಜಿಕೆ ಹಿರಿಯರಿಗಿದೆ. ಹಾಗಾಗಿ ಒಪ್ಪಿಗೆ ಕೇಳುವಾಗಲೇ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ ಉತ್ತರವನ್ನು ಫೈಲಿನ ವಿವರಪಟ್ಟಿಯಲ್ಲಿ ಬರೆದಿಡಬೇಕು: ಯಾರು ಕೇಳಬಹುದು, ಯಾವಾಗ ಕೇಳಬಹುದು, ನಿಮ್ಮ ನಂತರ ಈ ತೀರ್ಮಾನ ಯಾರದ್ದು. ಮೂರನೆಯದಕ್ಕೆ ಉತ್ತರ ತಡವಾಗಿ ಬರುತ್ತದೆ. ಕಲಿಯುವವರು ಸಿಕ್ಕಿದ ಮೇಲೆ ಹೇಳುತ್ತೇನೆ ಎಂದು ಒಬ್ಬ ಚಾರ್ಹೆಪಿ ಹೇಳಿದರೆ ಆ ಅಂಕಣವನ್ನು ಖಾಲಿ ಬಿಟ್ಟು, ಪ್ರತಿ ವರ್ಷ ಹೋಗಿ ಕೇಳಬೇಕು.